ನೇತ್ರಾಣಿಯ ತಳಕ್ಕೂ ಒಂದು ಲೆಕ್ಕದ ಪುಸ್ತಕ ಇರಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಿದ್ದೆ. ಊರು ಅಂದರೆ ಕುಮಟಾದ ಹತ್ತಿರ. ಈಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಣ್ಣನ ಮಗ ಹಟ ಹಿಡಿದ ಅಂತ ಅವನನ್ನು ಕರೆದುಕೊಂಡು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋದೆವು. ನೀರು ತಿಳಿಯಾಗಿತ್ತು. ಹವಳ, ಬಂಡೆಗೆ ಅಂಟಿಕೊಂಡ ಪಾಚಿ, ಬಣ್ಣಬಣ್ಣದ ಮೀನು, ಎಲ್ಲ ಕಂಡವು. ಹುಡುಗ ಮೇಲೆ ಬಂದವನು ಅರ್ಧ ಗಂಟೆ ಮಾತು ನಿಲ್ಲಿಸಲಿಲ್ಲ.

ವಾಪಸ್ ಬರುವಾಗ ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗಿ ಗೈಡನ್ನು ಕೇಳಿದಳು, "ಇಲ್ಲಿ ಮೊದಲೂ ಹೀಗೇ ಇತ್ತಾ?" ಅವನು ತಡಮಾಡದೆ ಹೇಳಿದ, "ಯಾವಾಗಲೂ ಹೀಗೇ ಮೇಡಂ." ನಾನು ಸುಮ್ನಿರಬೇಕಿತ್ತು, ಇರಲಿಲ್ಲ. "ನೀನು ಇಲ್ಲಿ ಎಷ್ಟು ವರ್ಷದಿಂದ ಇದ್ದೀಯ ತಮ್ಮಾ?" ಅಂದೆ. "ಮೂರು ವರ್ಷ ಆಯ್ತು ಅಣ್ಣ." ಅಷ್ಟರಲ್ಲಿ ಹಿಂದೆ ಚುಕ್ಕಾಣಿ ಹಿಡಿದು ಕೂತಿದ್ದ ಹಿರಿಯರು, ನಮ್ಮ ಕಡೆ ನೋಡದೆಯೇ, "ಎಲ್ಲಿ ಮಾರಾಯ್ರೆ, ಮೊದಲಿನ ನೇತ್ರಾಣಿಯೇ ಬೇರೆ" ಅಂದರು. ಹೇಗೆ ಬೇರೆ ಅಂತ ಕೇಳಿದೆ. "ಜಾಸ್ತಿ ಇತ್ತು. ಎಲ್ಲವೂ ಜಾಸ್ತಿ ಇತ್ತು."

ಒಂದೇ ದೋಣಿಯಲ್ಲಿ ಎರಡು ಉತ್ತರ. ಇಬ್ಬರೂ ಸುಳ್ಳು ಹೇಳಿದವರಲ್ಲ. ಆದರೆ ಯಾರದು ಸರಿ ಅಂತ ತೀರ್ಮಾನ ಮಾಡಲು ಆ ದೋಣಿಯಲ್ಲಿದ್ದ ಯಾರ ಕೈಯಲ್ಲೂ ಒಂದು ಚೀಟಿ ಇರಲಿಲ್ಲ. ಇದೇ ವಿಚಾರ ತಲೆಯಲ್ಲಿ ಕೂತುಬಿಟ್ಟಿದೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು. ಕತ್ತರಿಸಬೇಕಾದರೆ ನನ್ನ ಮನೆ ಕತೆ ಕತ್ತರಿಸಿ, ಲೆಕ್ಕದ ಕತೆ ಬಿಡಿ.

ನನಗೊಂದು ವಿಚಿತ್ರ ಹವ್ಯಾಸವಿದೆ. ವರ್ಷಕ್ಕೆ ಕೆಲವು ಸಲ ಮಾಂಟೆರೆ ಅನ್ನುವ ಊರಿಗೆ ಕಾರು ಓಡಿಸಿಕೊಂಡು ಹೋಗಿ, ಸಮುದ್ರಕ್ಕಿಳಿದು, ತಳದ ಬಂಡೆಗಳ ಮೇಲೆ ಏನೇನಿದೆ ಅಂತ ಎಣಿಸಿ ಬರುತ್ತೇನೆ. ಸಂಬಳ ಇಲ್ಲ, ಪೆಟ್ರೋಲ್ ನನ್ನದೇ. ರೀಫ್ ಚೆಕ್ ಅನ್ನುವ ಸಂಸ್ಥೆ 2006ರಿಂದ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ನನ್ನಂಥ ಸ್ವಯಂಸೇವಕ ಡೈವರ್‌ಗಳಿಗೆ ತರಬೇತಿ ಕೊಟ್ಟು ಈ ಎಣಿಕೆ ಮಾಡಿಸುತ್ತಿದೆ. ನನ್ನ ಹೆಂಡತಿ ಸಿಕ್ಕವರಿಗೆಲ್ಲ ಹೇಳುತ್ತಾಳೆ, "ಮನೆಯಲ್ಲಿ ತೊಗರಿಬೇಳೆ ಎಷ್ಟಿದೆ ಗೊತ್ತಿಲ್ಲ ಇವರಿಗೆ, ಸಮುದ್ರದ ಬುಡದ ಲೆಕ್ಕ ಮಾತ್ರ ಪಕ್ಕಾ."

ನೀರು ಅಲ್ಲಿ ನಮ್ಮ ಕಡಲಿನ ಹಾಗಲ್ಲ. ಹತ್ತು ಹನ್ನೆರಡು ಡಿಗ್ರಿ, ಫ್ರಿಜ್ಜಿನಿಂದ ತೆಗೆದಂತೆ. ದಪ್ಪ ರಬ್ಬರಿನ ಅಂಗಿ, ಕೈಗವಸು, ತಲೆಗೆ ಟೋಪಿ, ಇಷ್ಟಿದ್ದೂ ಇಪ್ಪತ್ತು ನಿಮಿಷಕ್ಕೆ ಬೆರಳು ಮಾತು ಕೇಳುವುದಿಲ್ಲ. ಆದರೆ ಕೆಳಗೆ ಕೆಲ್ಪ್ ಕಾಡು ಇದ್ದರೆ ಚಳಿ ಮರೆತುಹೋಗುತ್ತದೆ. ಕೆಲ್ಪ್ ಅಂದರೆ ದೈತ್ಯ ಕಂದು ಪಾಚಿ. ಬೇರಿಲ್ಲ, ಬೇರಿನಂಥ ಒಂದು ಹಿಡಿಯಿಂದ ಬಂಡೆಯನ್ನು ತಬ್ಬಿಕೊಂಡು ತಳದಿಂದ ನೀರಿನ ಮೇಲ್ಮೈ ತನಕ ಬೆಳೆಯುತ್ತದೆ, ಒಳ್ಳೆಯ ದಿನಗಳಲ್ಲಿ ದಿನಕ್ಕೆ ಒಂದಡಿಗೂ ಜಾಸ್ತಿ. ಅದರ ನಡುವೆ ತೇಲುವಾಗ ನನಗೆ ನೆನಪಾಗುವುದು ನಮ್ಮ ಕಡೆಯ ಅಡಿಕೆ ತೋಟ, ಬೆಳಿಗ್ಗೆ ಒಂಬತ್ತರ ಬಿಸಿಲು ಸೋಗೆಯ ಸಂದಿಯಿಂದ ಸೋಸಿ ಬರುತ್ತದಲ್ಲ, ಥೇಟ್ ಹಾಗೇ.

ಕೆಲಸ ಮಾತ್ರ ಬೋರು. ಬಂಡೆಯ ಮೇಲೆ 30 ಮೀಟರ್ ಟೇಪು ಹಾಸಬೇಕು. ಅದರ ಎರಡೂ ಪಕ್ಕ ಒಂದೊಂದು ಮೀಟರ್ ಒಳಗೆ ಪಟ್ಟಿಯಲ್ಲಿರುವ ಯಾವ ಯಾವ ಜೀವಿ ಎಷ್ಟಿದೆ, ಸಂದಿಗೊಂದಿಗೆ ಟಾರ್ಚ್ ಬಿಟ್ಟು ನೋಡಿ, ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ನಕ್ಷತ್ರಮೀನು, ಅರ್ಚಿನ್, ಕಡಲ ಸೌತೆ, ಅಬಲೋನ್. ಅರ್ಚಿನ್ ಅಂದರೆ ಮೈತುಂಬಾ ಮುಳ್ಳಿರುವ ಚೆಂಡಿನಂಥ ಪ್ರಾಣಿ, ಕೆಲ್ಪೇ ಅದರ ಊಟ. ಒಂದು ಜಾತಿ 50 ಸಿಕ್ಕಿದರೆ ಎಷ್ಟನೇ ಮೀಟರಿಗೆ 50 ಆಯಿತು ಅಂತ ಬರೆದು ಅದರ ಎಣಿಕೆ ನಿಲ್ಲಿಸಬಹುದು. ಕೆಲ್ಪ್ ಆದರೆ ಒಂದು ಮೀಟರಿಗಿಂತ ಎತ್ತರದ್ದು ಮಾತ್ರ ಲೆಕ್ಕಕ್ಕೆ, ಅದರಲ್ಲೂ ತಳದಿಂದ ಒಂದು ಮೀಟರ್ ಎತ್ತರದಲ್ಲಿ ಎಷ್ಟು ಕಾಂಡ ಅಂತ ನೋಡಬೇಕು. ಆಮೇಲೆ ಟೇಪಿನ ಪ್ರತಿ ಮೀಟರ್ ಗುರುತಿನ ಕೆಳಗೆ ಏನಿದೆ? ಬರೀ ಕಲ್ಲೋ, ಮರಳೋ, ಕೆಂಪು ಪಾಚಿಯೋ, ಸ್ಪಂಜೋ? ಮೂವತ್ತು ಸಲ ಇದೇ ಪ್ರಶ್ನೆ, ಮೂವತ್ತು ಉತ್ತರ. ಮುಂದಿನ ವರ್ಷ ಅದೇ ಜಾಗ, ಅದೇ ಟೇಪು, ಅದೇ ಪಟ್ಟಿ.

ಮೊದಲ ವರ್ಷ ನಾನು ಮರಿ ಕೆಂಪು ಅರ್ಚಿನ್‌ಗಳನ್ನು ನೇರಳೆ ಅರ್ಚಿನ್ ಅಂತ ಬರೆದುಬಿಟ್ಟಿದ್ದೆ. ಜೊತೆಗೆ ಇಳಿದವರ ಹಾಳೆಯೊಂದಿಗೆ ತಾಳೆ ನೋಡಿದಾಗ ಸಿಕ್ಕಿಬಿದ್ದೆ. ನನ್ನ ಹಾಳೆ ಕಸದ ಬುಟ್ಟಿಗೆ ಹೋಯಿತು, ನಾಲ್ಕು ಗಂಟೆ ಡ್ರೈವಿಂಗ್, ಎರಡು ಡೈವು, ಎಲ್ಲ ದಂಡ. ಇನ್ನೊಂದು ಸಲ ಜಾಣತನ ತೋರಿಸಲು ಹೋಗಿ, "ಕ್ಯಾಮೆರಾ ಹಾಕಿ ಕಂಪ್ಯೂಟರಿಂದಲೇ ಎಣಿಸಬಹುದಲ್ಲ, ಇದಕ್ಕಿಂತ ಒಳ್ಳೇ ವಿಧಾನ" ಅಂದೆ. ನಮ್ಮ ತಂಡದ ಹಿರಿಯಾಕೆ ನಕ್ಕು ಹೇಳಿದ್ದು: ಒಳ್ಳೇ ವಿಧಾನ ಬೇಡಪ್ಪಾ, ಮೊದಲಿನಿಂದ ಮಾಡಿಕೊಂಡು ಬಂದ ವಿಧಾನ ಬೇಕು, ಇಲ್ಲದಿದ್ದರೆ ಬದಲಾಗಿದ್ದು ಸಮುದ್ರವೋ ನಮ್ಮ ಕ್ಯಾಮೆರಾವೋ ಅಂತ ಹೇಗೆ ಗೊತ್ತಾಗಬೇಕು? ಟೆಸ್ಟಿಂಗ್ ಕೆಲಸ ಮಾಡುವವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಯಿತಲ್ಲ ಅಂತ ನಾಚಿಕೆಯಾಯಿತು.

ನನ್ನ ಹಾಳೆಯಲ್ಲಿ ಒಂದು ಸಾಲಿದೆ. ಸನ್‌ಫ್ಲವರ್ ಸ್ಟಾರ್. ಇಪ್ಪತ್ತಕ್ಕೂ ಹೆಚ್ಚು ಕೈಗಳ, ಒಂದು ಮೀಟರ್ ಅಗಲದ ತನಕ ಬೆಳೆಯುವ ನಕ್ಷತ್ರಮೀನು. ಈ ಸಾಲಿನ ಮುಂದೆ ನಾನು ಇಷ್ಟು ವರ್ಷದಲ್ಲಿ ಬರೆದದ್ದು ಒಂದೇ ಅಂಕಿ, ಸೊನ್ನೆ. ನಾನು ಒಂದನ್ನೂ ನೋಡಿಲ್ಲ. ಆದರೂ ಪ್ರತಿ ಸಲ ಆ ಸೊನ್ನೆ ಬರೆಯಲೇಬೇಕು, ಖಾಲಿ ಬಿಟ್ಟರೆ ನೋಡಲೇ ಇಲ್ಲ ಅಂತ ಅರ್ಥ.

2013ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ನಕ್ಷತ್ರಮೀನುಗಳಿಗೆ ಒಂದು ರೋಗ ಬಂತು. ಮೈಮೇಲೆ ಹುಣ್ಣು, ಕೈಗಳು ತಿರುಚಿಕೊಂಡು ಕಳಚಿ ಬೀಳುವುದು, ಕೆಲವೇ ದಿನಗಳಲ್ಲಿ ಪ್ರಾಣಿ ಕರಗಿದಂತೆ ಆಗುವುದು. ಹತ್ತಾರು ಜಾತಿಗೆ ತಗುಲಿತು. ಸನ್‌ಫ್ಲವರ್ ಸ್ಟಾರ್ ಶೇ 90ಕ್ಕಿಂತ ಹೆಚ್ಚು ಸತ್ತುಹೋಯಿತು, 2020ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅದರ ಬೆನ್ನಿಗೇ 2014ರಿಂದ 2016ರ ತನಕ ಸಮುದ್ರವೇ ಬಿಸಿಯೇರಿ ಕೂತಿತು. ನಕ್ಷತ್ರಮೀನು ಹೋದದ್ದರಿಂದ ಏನಾಯಿತು ಅಂದರೆ, ಅರ್ಚಿನ್ ತಿನ್ನುವವರು ಇಲ್ಲದಾದರು. ಬಿಸಿ ನೀರಿನಿಂದ ಏನಾಯಿತು ಅಂದರೆ, ತಣ್ಣೀರು ಬೇಡುವ ಕೆಲ್ಪ್ ಸೊರಗಿತು. ಹಸಿದ ಅರ್ಚಿನ್‌ಗಳು ಬಿಲದಿಂದ ಹೊರಬಂದು ಉಳಿದಿದ್ದನ್ನೂ ಮೇಯ್ದವು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ 350 ಕಿಲೋಮೀಟರಿಗೂ ಹೆಚ್ಚು ಕರಾವಳಿಯಲ್ಲಿ ಕೆಲ್ಪ್ ಕಾಡು ಶೇ 90ಕ್ಕಿಂತ ಜಾಸ್ತಿ ಕಡಿಮೆಯಾಯಿತು. ಕೆಲ್ಪ್ ತಿಂದು ಬದುಕುವ ಅಬಲೋನ್, ಅಂದರೆ ಅಂಗೈಗಿಂತ ದೊಡ್ಡದಾಗುವ ಒಂಟಿಚಿಪ್ಪಿನ ಬಸವನಹುಳು, ಹಸಿವಿನಿಂದ ಸಾಯತೊಡಗಿತು. 2018ರಲ್ಲಿ ಅಲ್ಲಿ ಕೆಂಪು ಅಬಲೋನ್ ಹಿಡಿಯುವುದನ್ನೇ ಬಂದ್ ಮಾಡಿದರು. ಪ್ರತಿ ವರ್ಷ ಅದಕ್ಕಾಗಿಯೇ ಬರುತ್ತಿದ್ದ ಜನರನ್ನು ನಂಬಿದ್ದ ಹೋಟೆಲು, ಅಂಗಡಿಗಳಿಗೂ ಏಟು ಬಿತ್ತು.

ತಮಾಷೆ ಏನೆಂದರೆ, ಎಲ್ಲ ಮೇಯ್ದ ಮೇಲೆ ಅರ್ಚಿನ್ ಸಾಯುವುದಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡೇ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಮಾಂಟೆರೆಯಲ್ಲಿ ಅರ್ಚಿನ್ ತಿನ್ನುವ ಕಡಲ ನೀರುನಾಯಿಗಳಿವೆ, ಅವು ಈ ಖಾಲಿ ಅರ್ಚಿನ್ ಇರುವ ಬೋಳು ಬಂಡೆಯ ಕಡೆ ತಲೆಯೂ ಹಾಕುವುದಿಲ್ಲ, ಕೆಲ್ಪ್ ಉಳಿದಿರುವ ಕಡೆ ಹೋಗಿ ತುಂಬಿದ ಅರ್ಚಿನ್ ಆರಿಸಿ ತಿನ್ನುತ್ತವೆ. ಹಾಗಾಗಿ ಉಳಿದ ಕಾಡು ಉಳಿಯುತ್ತದೆ, ಬೋಳಾದದ್ದು ಬೋಳಾಗಿಯೇ ಇರುತ್ತದೆ. ಸಂತೆಯಲ್ಲಿ ಕಾಯಿ ಅಲ್ಲಾಡಿಸಿ ನೀರಿದೆಯಾ ಅಂತ ನೋಡಿ ಕೊಳ್ಳುವವರು ನಾವೊಬ್ಬರೇ ಅಲ್ಲ.

ರೋಗದ ಮೂಲ ಗೊತ್ತಾಗಲು 2025ರ ತನಕ ಕಾಯಬೇಕಾಯಿತು. ವಿಬ್ರಿಯೋ ಜಾತಿಯ ಒಂದು ಬ್ಯಾಕ್ಟೀರಿಯಾ, ಕಾಲರಾ ತರುವ ಬ್ಯಾಕ್ಟೀರಿಯಾದ ದಾಯಾದಿ. ಆದರೆ ಕಾರಣ ಗೊತ್ತಾಗುವ ಎಷ್ಟೋ ಮೊದಲೇ, ಎಷ್ಟು ಹೋಯಿತು, ಯಾವಾಗ ಹೋಯಿತು, ಎಲ್ಲಿ ಮೊದಲು ಹೋಯಿತು ಅನ್ನುವುದು ಗೊತ್ತಿತ್ತು. ಹೇಗೆ? ರೋಗ ಬರುವ ಮೊದಲಿನ ಒಂದೊಂದು ವರ್ಷವೂ ಯಾರೋ ನನ್ನ ಹಾಗೆ ಬೆರಳು ಮರಗಟ್ಟಿಸಿಕೊಂಡು ಆ ಸಾಲಿನ ಮುಂದೆ ಎರಡು, ನಾಲ್ಕು, ಒಂದು ಅಂತ ಬರೆದಿಟ್ಟಿದ್ದರು. ಆಗ ಅದು ಎಲ್ಲೆಲ್ಲೂ ಇದ್ದ ಪ್ರಾಣಿ, ಯಾರೂ ಫೋಟೋ ಕೂಡ ತೆಗೆಯುತ್ತಿರಲಿಲ್ಲವಂತೆ. ರೋಗ ಬಂದ ಮೇಲೆ ಎಣಿಸಲು ಶುರು ಮಾಡಿದ್ದರೆ ಅವರ ಪುಸ್ತಕದ ಮೊದಲ ಪುಟವೇ ಸೊನ್ನೆ ಆಗಿರುತ್ತಿತ್ತು.

ಎಣಿಕೆ ನಮ್ಮ ಊಹೆಯನ್ನು ಸುಳ್ಳು ಮಾಡುವುದೂ ಉಂಟು. ನನಗೆ ಇಷ್ಟವಾಗುವುದು ಅದೇ. ದಕ್ಷಿಣಕ್ಕೆ ಸಾಂಟಾ ಬಾರ್ಬರಾ ಇದೆ. ಅದರ ಎದುರಿನ ಚಾನೆಲ್ ದ್ವೀಪಗಳಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದವರು 1982ರಿಂದ ಕೆಲ್ಪ್ ಕಾಡಿನ ಎಣಿಕೆ ಮಾಡುತ್ತಿದ್ದಾರೆ. ಸಾಂಟಾ ಬಾರ್ಬರಾದ ವಿಶ್ವವಿದ್ಯಾಲಯದವರು 2000ನೇ ಇಸವಿಯಿಂದ, ಪ್ರತಿ ಬೇಸಿಗೆ, 40 ಮೀಟರ್ ಉದ್ದ 2 ಮೀಟರ್ ಅಗಲದ ಖಾಯಂ ಪಟ್ಟಿಗಳಲ್ಲಿ ಪಾಚಿ, ಬೆನ್ನೆಲುಬಿಲ್ಲದ ಪ್ರಾಣಿ, ಮೀನು ಎಲ್ಲವನ್ನೂ ಎಣಿಸುತ್ತಾರೆ, ಬಂದ ಅಂಕಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುತ್ತಾರೆ. ನೀರು ಬಿಸಿಯಾದರೆ ಮೊದಲು ಕುಸಿಯುವುದು ಕೆಲ್ಪ್ ಅಂತ ಎಲ್ಲರೂ ನಂಬಿದ್ದರು. 2014, 2015ರ ಬಿಸಿಯಲ್ಲಿ ಅಲ್ಲಿ ನೋಡಿದರೆ, ದೈತ್ಯ ಕೆಲ್ಪ್ ಕಡಿಮೆಯಾದದ್ದು ಹೌದು, ಆದರೆ ಹಿಂದಿನ 30ಕ್ಕೂ ಹೆಚ್ಚು ವರ್ಷಗಳ ಏರಿಳಿತದ ಒಳಗೇ ಇತ್ತು. ಕುಸಿದದ್ದು ನಕ್ಷತ್ರಮೀನು ಮತ್ತು ಅರ್ಚಿನ್. ಹಳೇ ದಾಖಲೆ ಇಲ್ಲದೆ ಬರೀ ಆ ವರ್ಷದ ಕೆಲ್ಪ್ ನೋಡಿದ್ದರೆ ನಾನೂ "ಹೋಯ್ತು, ಎಲ್ಲ ಮುಗೀತು" ಅಂತ ಫೇಸ್‌ಬುಕ್ಕಿನಲ್ಲಿ ಬರೆದು ನಾಲ್ಕು ಲೈಕ್ ತಗೊಳ್ಳುತ್ತಿದ್ದೆ.

ಇನ್ನೊಂದು ಕತೆ ಹೇಳದೆ ಬಿಡಲಾರೆ. ಮಾಂಟೆರೆ ಕೊಲ್ಲಿಯ ದಡದಲ್ಲೇ ಹಾಪ್ಕಿನ್ಸ್ ಅನ್ನುವ ಹಳೇ ಕಡಲ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಹ್ಯೂವಾಟ್ ಅನ್ನುವ ವಿದ್ಯಾರ್ಥಿ 1931ರಿಂದ 1933ರ ತನಕ, ಉಬ್ಬರ ಇಳಿತದ ನಡುವಿನ ಬಂಡೆಗಳ ಮೇಲೆ ಒಂದು ಗೆರೆ ಹಾಕಿಕೊಂಡು, ಗಜದ ಚೌಕ ಚೌಕವಾಗಿ ಒಂದೊಂದು ಚಿಪ್ಪು, ಒಂದೊಂದು ಹುಳು ಎಣಿಸಿದ. ಗೆರೆಯ ಗುರುತಿಗೆ ಬಂಡೆಗೆ ಹಿತ್ತಾಳೆ ಬೋಲ್ಟು ಹೊಡೆದಿದ್ದ. ಅರವತ್ತು ವರ್ಷ ಆದ ಮೇಲೆ, 1993ರಲ್ಲಿ, ಅಲ್ಲಿನ ಕಾಲೇಜು ಹುಡುಗರು ಆ ಬೋಲ್ಟುಗಳನ್ನು ಹುಡುಕಿ ಅದೇ ಚೌಕಗಳನ್ನು ಮತ್ತೆ ಎಣಿಸಿದರು. ದಕ್ಷಿಣದ ಬೆಚ್ಚಗಿನ ನೀರಿನ ಒಂಬತ್ತು ಜಾತಿಗಳಲ್ಲಿ ಎಂಟು ಹೆಚ್ಚಾಗಿದ್ದವು. ಉತ್ತರದ ತಣ್ಣೀರಿನ ಎಂಟು ಜಾತಿಗಳಲ್ಲಿ ಐದು ಕಡಿಮೆಯಾಗಿದ್ದವು. ದಡದ ನೀರು ಆ ಅರವತ್ತು ವರ್ಷಗಳಲ್ಲಿ 0.75 ಡಿಗ್ರಿ ಬೆಚ್ಚಗಾಗಿತ್ತು. ಜೀವಿಗಳು ಮೆಲ್ಲಗೆ ಉತ್ತರಕ್ಕೆ ಜಾಗ ಬದಲಿಸುತ್ತಿವೆ ಅನ್ನುವುದಕ್ಕೆ ಇಂಥ ಗಟ್ಟಿ ಸಾಕ್ಷಿ ಆಗ ಅಪರೂಪ. 1995ರಲ್ಲಿ ಅದು ಅಚ್ಚಾಯಿತು. ಯೋಚಿಸಿ, ಹ್ಯೂವಾಟ್ ಎಣಿಸುವಾಗ ಹವಾಮಾನ ಬದಲಾವಣೆ ಅನ್ನುವ ಮಾತೇ ಅವನ ತಲೆಯಲ್ಲಿ ಇರಲಿಲ್ಲ. ಗುರುತಿಗೆ ಬೋಲ್ಟು ಹೊಡೆಯುವ ಶಿಸ್ತು ಮಾತ್ರ ಇತ್ತು.

ಈಗ ನಮ್ಮ ಕಡೆಗೆ ಬರೋಣ.

ನಾನು ಸಣ್ಣವನಿದ್ದಾಗ ಅಘನಾಶಿನಿಯ ಅಳಿವೆಯಿಂದ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸಿ ತಲೆ ಮೇಲೆ ಬುಟ್ಟಿ ಹೊತ್ತು ಬರುವ ಹೆಂಗಸರು ನಮ್ಮ ಬೀದಿಗೆ ಬರುತ್ತಿದ್ದರು. ಈ ಸಲ ಊರಿನಲ್ಲಿ ಅದೇ ಮಾತು ತೆಗೆದಾಗ ದೊಡ್ಡಮ್ಮ ಹೇಳಿದರು, "ಆಗ ಬುಟ್ಟಿಗಟ್ಟಲೆ ಬರ್ತಿತ್ತು, ಈಗ ಎಲ್ಲಿ?" ಎಷ್ಟು ಬುಟ್ಟಿ ದೊಡ್ಡಮ್ಮ? "ಬುಟ್ಟಿಗಟ್ಟಲೆ ಅಂದ್ನಲ್ಲ!" ಅವರ ಮಾತನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಬುಟ್ಟಿಗಟ್ಟಲೆ ಅನ್ನುವುದನ್ನು ಹಿಡಿದುಕೊಂಡು ಯಾವ ಅಧಿಕಾರಿಯ ಮುಂದೆ ಹೋಗಿ ನಿಲ್ಲುವುದು? ಮರಳು ತೆಗೆದದ್ದರಿಂದ ಹೋಯಿತೋ, ನೀರಿನ ಉಪ್ಪು ಹೆಚ್ಚುಕಡಿಮೆ ಆಗಿ ಹೋಯಿತೋ, ನಾವೇ ಜಾಸ್ತಿ ಆರಿಸಿದೆವೋ? ಚಹಾ ಅಂಗಡಿಯಲ್ಲಿ ಎಲ್ಲರ ಬಳಿ ಒಂದೊಂದು ಕಾರಣ ಇದೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ ಸಿಕ್ಕಿತು, ಸಂತೋಷ. ಆ ಪಟ್ಟದ ಜೊತೆಗೆ ಒಂದು ಲೆಕ್ಕದ ಪುಸ್ತಕವೂ ದಡದ ಊರುಗಳಲ್ಲಿ ಇದ್ದರೆ ಇನ್ನೂ ಸಂತೋಷ.

ಮೀನಿನ ಲೆಕ್ಕ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ. ದಕ್ಕೆಗೆ ಬಂದ ಬಂಗುಡೆ, ಭೂತಾಯಿಯ ಲೆಕ್ಕ ಇಡುವ ವ್ಯವಸ್ಥೆ ನಮ್ಮ ದೇಶದಲ್ಲಿ ದಶಕಗಳಿಂದ ಚೆನ್ನಾಗಿಯೇ ನಡೆದಿದೆ. ಆದರೆ ಹಿಡಿದದ್ದರ ಲೆಕ್ಕ ಬೇರೆ, ಕೆಳಗೆ ಉಳಿದದ್ದರ ಲೆಕ್ಕ ಬೇರೆ. ಇದನ್ನು ಕ್ಯಾಲಿಫೋರ್ನಿಯಾದವರು ಅಬಲೋನ್ ವಿಷಯದಲ್ಲಿ ಕಷ್ಟಪಟ್ಟು ಕಲಿತರು. ಅಲ್ಲಿ ಅಬಲೋನ್ ಏಳು ಜಾತಿ. ಒಂದು ಜಾತಿ ಖಾಲಿಯಾದ ಹಾಗೆ ಮುಳುಗುವವರು ಇನ್ನೊಂದಕ್ಕೆ, ಒಂದು ಜಾಗ ಖಾಲಿಯಾದ ಹಾಗೆ ಇನ್ನೊಂದು ಜಾಗಕ್ಕೆ ಹೋದರು. ತಕ್ಕಡಿಯ ಮೇಲೆ ಒಟ್ಟು ತೂಕ ಬಹಳ ಕಾಲ ಚೆನ್ನಾಗಿಯೇ ಕಂಡಿತು. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ ಅಬಲೋನ್ ಹಿಡಿಯುವುದನ್ನು ಪೂರ್ತಿ ನಿಲ್ಲಿಸುವ ಹೊತ್ತಿಗೆ ಬಿಳಿ ಅಬಲೋನ್ ಎಷ್ಟು ವಿರಳವಾಗಿತ್ತು ಅಂದರೆ, ಗಂಡು ಹೆಣ್ಣು ಒಂದಕ್ಕೊಂದು ಹತ್ತಿರ ಇಲ್ಲದೆ ಮರಿಯೇ ಆಗುತ್ತಿರಲಿಲ್ಲ. 2001ರಲ್ಲಿ ಅದು ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿತು. ಬೆನ್ನೆಲುಬಿಲ್ಲದ ಕಡಲ ಜೀವಿಗಳಲ್ಲಿ ಆ ಪಟ್ಟಿಗೆ ಸೇರಿದ ಮೊದಲನೆಯದು.

ಉಪಗ್ರಹ ಇದೆಯಲ್ಲ ಅನ್ನುವವರೂ ಇದ್ದಾರೆ. ಕೆಲ್ಪ್ ನೀರಿನ ಮೇಲೆ ಹರಡಿಕೊಳ್ಳುತ್ತದೆ, ಹಾಗಾಗಿ 1984ರಿಂದ ಉಪಗ್ರಹ ಅದನ್ನು ನೋಡುತ್ತಿದೆ, ನಿಜ. ಅದರ ಬುಡದಲ್ಲಿರುವ ನಕ್ಷತ್ರಮೀನನ್ನು ನೋಡಲಾರದು. ನೇತ್ರಾಣಿಯಲ್ಲಂತೂ ತಳದಿಂದ ಮೇಲೆ ಬಂದು ಆಕಾಶಕ್ಕೆ ಮುಖ ತೋರಿಸುವಂಥದ್ದು ಏನೂ ಇಲ್ಲ. ಇಳಿದೇ ನೋಡಬೇಕು.

ಇದೆಲ್ಲ ದುಡ್ಡಿರುವ ದೇಶದ ಆಟ ಅಂದುಕೊಂಡಿದ್ದರೆ, ನಮ್ಮ ಅಂಗಳದಲ್ಲೇ ಉದಾಹರಣೆ ಇದೆ. ಲಕ್ಷದ್ವೀಪ. ನಮ್ಮ ಹೊಸ ತಲೆಮಾರಿಗೆ ಗೊತ್ತಿಲ್ಲದಿರಬಹುದು, ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನಿಂದ. ಅಲ್ಲಿನ ನಾರು, ತೆಂಗು ಮಂಜಿ ಅನ್ನುವ ಸರಕಿನ ಹಡಗುಗಳಲ್ಲಿ ಮಂಗಳೂರಿನ ಹಳೇ ಬಂದರಿಗೆ ಬರುತ್ತಿತ್ತು. 1998ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿ ಸತ್ತಾಗ, ನಮ್ಮ ಮೈಸೂರಿನಲ್ಲೇ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಎಣಿಕೆ ಶುರು ಮಾಡಿದರು. ಅಗತ್ತಿ, ಕಡಮತ್, ಕವರತ್ತಿ, ಮತ್ತೆ ಮತ್ತೆ ಅವೇ ದ್ವೀಪಗಳು. 2010ರಲ್ಲಿ ಮತ್ತೆ ಬಿಸಿ, 2016ರಲ್ಲಿ ಮತ್ತೆ. 2022ರ ಹೊತ್ತಿಗೆ ಜೀವಂತ ಹವಳ ತಳದ ಶೇ 37ರಿಂದ ಶೇ 20ರ ಒಳಗೆ ಬಂದಿತ್ತು. ಹೆಚ್ಚುಕಡಿಮೆ ಅರ್ಧ.

ಅಂಕಿಗಿಂತ ಮುಖ್ಯವಾದದ್ದು ಅದರ ಒಳಗಿನ ವಿವರ. ಪ್ರತಿ ಹೊಡೆತದ ನಂತರ ಹವಳ ಚೇತರಿಸಿಕೊಳ್ಳುವ ವೇಗ ಕಡಿಮೆಯಾಗಿದೆ, ಸುಮಾರು ಆರು ವರ್ಷ ಬಿಸಿಯ ಕಾಟ ಇಲ್ಲದೆ ಬಿಟ್ಟರೆ ಮಾತ್ರ ಚೇತರಿಕೆ ಜೋರಾಗುತ್ತದೆ. ಇದು ಗೊತ್ತಾಗಬೇಕಾದರೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಒಂದೇ ಜಾಗ ನೋಡದೆ ಬೇರೆ ದಾರಿ ಇಲ್ಲ. ಸತ್ತ ಹವಳದ ಮೇಲೆ ಪಾಚಿ ಹತ್ತುತ್ತದೆ, ಅದನ್ನು ಗಿಳಿಮೀನಿನಂಥವು ಮೇಯ್ದು ಚೊಕ್ಕಟ ಇಟ್ಟರೆ ಮರಿ ಹವಳ ಕೂರಲು ಜಾಗ ಸಿಗುತ್ತದೆ. ಲಕ್ಷದ್ವೀಪದವರು ತಲೆತಲಾಂತರದಿಂದ ಹೊರ ಕಡಲಿನ ಸೂರೆ (ಟ್ಯೂನಾ) ಮೀನನ್ನು ಗಾಳ ಹಾಕಿ ಹಿಡಿದವರು, ಹವಳದ ಮೀನಿಗೆ ಅಷ್ಟಾಗಿ ಕೈ ಹಾಕಿದವರಲ್ಲ. ಅಲ್ಲಿ ಹವಳ ಮತ್ತೆ ಮತ್ತೆ ಎದ್ದು ನಿಂತದ್ದಕ್ಕೆ ಅದೂ ಒಂದು ಕಾರಣ ಅಂತ ಎಣಿಸಿದವರು ಹೇಳುತ್ತಾರೆ. ಸಂಜೆ ಊಟಕ್ಕೆ ಯಾವ ಮೀನು ಅನ್ನುವುದಕ್ಕೂ ಹವಳಕ್ಕೂ ಇರುವ ನಂಟು ಒಂದು ಸಲ ಹೋಗಿ ಫೋಟೋ ತೆಗೆದು ಬಂದವರಿಗೆ ಕಾಣುವಂಥದ್ದಲ್ಲ.

ನೇತ್ರಾಣಿಯಲ್ಲಿ ಸರ್ವೆ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ವಿಜ್ಞಾನಿಗಳು ಹೋಗಿದ್ದಾರೆ, ಹವಳ, ಮೀನುಗಳ ಪಟ್ಟಿ ಮಾಡಿದ್ದಾರೆ. ನಾನು ಕೇಳುತ್ತಿರುವುದು ಪಟ್ಟಿಯಲ್ಲ, ಖಾಯಂ ಗುರುತು. ದ್ವೀಪದ ಸುತ್ತ ನಾಲ್ಕೈದು ಜಾಗ ಆರಿಸಿ, ಹವಳ ಇಲ್ಲದ ಬಂಡೆ ನೋಡಿ ಬೋಲ್ಟು ಹೊಡೆದು, ವರ್ಷಕ್ಕೆರಡು ಸಲ, ಮಳೆಗಾಲ ಮುಗಿದ ಮೇಲೊಮ್ಮೆ, ಮತ್ತೆ ಮಳೆಗಾಲ ಶುರುವಾಗುವ ಮೊದಲೊಮ್ಮೆ, ಅದೇ ಟೇಪು ಹಾಸಿ ಅದೇ ಎಣಿಕೆ. ಅರಣ್ಯ ಇಲಾಖೆ, ನೌಕಾಪಡೆ ಎಲ್ಲರ ಅನುಮತಿ ಬೇಕಾಗುತ್ತದೆ, ಗೊತ್ತು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವೇ ಇದೆ, ಮುರುಡೇಶ್ವರದಲ್ಲಿ ದಿನವೂ ನೀರಿಗಿಳಿಯುವ ಹುಡುಗರಿದ್ದಾರೆ, ಬೇಕಾದ ದೋಣಿ ಅಲ್ಲೇ ಇದೆ. ನನ್ನಂಥ ಟೆಸ್ಟರೇ ಎರಡು ವಾರಾಂತ್ಯದಲ್ಲಿ ಅರ್ಚಿನ್ ಗುರುತಿಸಲು ಕಲಿತ ಮೇಲೆ, ಅದೇ ನೀರಿನಲ್ಲಿ ಬೆಳೆದ ಹುಡುಗರು ಕಲಿಯದೆ ಇರುತ್ತಾರಾ? ಆ ಗೈಡ್ ಹುಡುಗನಿಗೆ ಯಾವ ಬಂಡೆಯ ಸಂದಿಯಲ್ಲಿ ಯಾವ ಮೀನು ಇರುತ್ತದೆ ಅಂತ ಬಾಯಿಪಾಠ. ಬರೆದಿಡಲು ಹೇಳಿದವರು ಇಲ್ಲ ಅಷ್ಟೇ.

ದುಡ್ಡು ಬೇಕಾಗುವುದು ನಿಜ, ಆದರೆ ಒಂದೇ ಸಲ ಸುರಿಯುವ ದೊಡ್ಡ ದುಡ್ಡಲ್ಲ, ಬಿಡದೆ ಬರುವ ಸಣ್ಣ ದುಡ್ಡು. ನಮ್ಮಲ್ಲಿ ಉದ್ಘಾಟನೆಗೆ ಕಾಸು ಹುಟ್ಟುತ್ತದೆ, ಹನ್ನೊಂದನೇ ವರ್ಷದ ಎಣಿಕೆಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಈ ಕಾಯಿಲೆ ನಮಗೊಬ್ಬರಿಗೇ ಅಂದುಕೊಳ್ಳಬೇಡಿ. ಸಾಂಟಾ ಬಾರ್ಬರಾದ ಎಣಿಕೆಗೆ ದುಡ್ಡು ಕೊಡುವ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಜೆಟ್ಟನ್ನು ಅರ್ಧಕ್ಕಿಂತ ಜಾಸ್ತಿ ಕಡಿತ ಮಾಡಬೇಕು ಅಂತ 2025ರಲ್ಲಿ ಅಲ್ಲಿನ ಸರ್ಕಾರವೇ ಪ್ರಸ್ತಾಪ ಇಟ್ಟಿತ್ತು. ಒಂದು ವರ್ಷ ತಪ್ಪಿದರೆ ಆ ವರ್ಷ ಹೋಯಿತು, ಮುಂದಿನ ವರ್ಷ ಡಬಲ್ ದುಡ್ಡು ಕೊಟ್ಟರೂ ಅದು ವಾಪಸ್ ಬರುವುದಿಲ್ಲ.

ಹಾಗಂತ ಬಿಡದೆ ಬರೆದಿಡುವ ಅಭ್ಯಾಸ ನಮಗೆ ಹೊಸದೇನಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕದ ಪುಸ್ತಕ ಇಟ್ಟವರಿದ್ದಾರೆ. ನನ್ನ ಅಪ್ಪ ತೋಟದ ಮೂಲೆಯಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ, ಜ್ವರ ಬಂದಾಗಲೂ, ಹೋಗಿ ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ಮಳೆ ಬಾರದ ದಿನ ಸೊನ್ನೆ. ಬೇಸಿಗೆಯ ಪುಟಗಳಲ್ಲಿ ಸಾಲಾಗಿ ಸೊನ್ನೆ, ಸೊನ್ನೆ, ಸೊನ್ನೆ. ಇದನ್ನೇನು ಬರೆಯುವುದು ಅಂತ ನಾವು ಮಕ್ಕಳು ನಗುತ್ತಿದ್ದೆವು. ಈ ಸಲ ಬೀರುವಿನಿಂದ ಆ ಡೈರಿಗಳನ್ನು ತೆಗೆದು ನೋಡಿದೆ. ಇಲಿ ತಿಂದದ್ದು ಬಿಟ್ಟು ಇಪ್ಪತ್ತಾರು ವರ್ಷದ್ದು ಸಿಕ್ಕಿವೆ.

ಮುಂದಿನ ಡಿಸೆಂಬರಿಗೆ ಮತ್ತೆ ಬರುತ್ತೇನೆ. ನನ್ನ ಬಳಿ 30 ಮೀಟರಿನ ಟೇಪು ಎರಡಿವೆ, ಒಂದನ್ನು ತರುತ್ತೇನೆ. ನೀರಿನಲ್ಲಿ ಬರೆಯುವ ಹಲಗೆ, ಹಾಳೆ, ಪೆನ್ಸಿಲು ಕೂಡ. ಅನುಮತಿ ಪತ್ರಕ್ಕೆ ಯಾರ ಕಚೇರಿಗೆ ಮೊದಲು ಅರ್ಜಿ ಹಾಕಬೇಕು ಅಂತ ನಿಮ್ಮ ಓದುಗರಲ್ಲಿ ಗೊತ್ತಿರುವವರು ಇದೇ ಅಂಕಣದಲ್ಲಿ ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಗೈಡ್ ಹುಡುಗ ಬರಲು ಒಪ್ಪಿದ್ದಾನೆ. ಚುಕ್ಕಾಣಿಯ ಹಿರಿಯರು ಏನೂ ಹೇಳಲಿಲ್ಲ, ಆದರೆ ಮೊದಲಿನ ನೇತ್ರಾಣಿಯಲ್ಲಿ ಯಾವ ಬಂಡೆಯ ಹತ್ತಿರ ಏನು ಜಾಸ್ತಿ ಇತ್ತು ಅಂತ ಕೇಳಿದಾಗ, ದೋಣಿಯನ್ನು ಸ್ವಲ್ಪ ತಿರುಗಿಸಿ ಕೈ ತೋರಿಸಿದರು. ಆ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು ಬಂದಿದ್ದೇನೆ.

ಇಂತಿ,
ಕುಮಟಾ ಕಡೆಯ ಓದುಗ
ಸದ್ಯ ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ